ಪ್ರತಿ ಡೋಸಿಗೂ ಒಂದು ಕಾರಣ



ಪುಣೆಯ ಯೆರವಡಾ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಜೈಲು. 1932ರಲ್ಲಿ ಅಲ್ಲಿ ಆದ ಪುಣೆ ಒಪ್ಪಂದ. ಜೈಲಿನಿಂದ ತುಸು ದೂರದಲ್ಲಿ, ನಗರ ರಸ್ತೆಯ ಅಂಚಿಗೆ, ಆಗಾ ಖಾನ್ ಅರಮನೆಯಿದೆ. 1942ರ ಆಗಸ್ಟಿನಲ್ಲಿ ಗಾಂಧೀಜಿಯವರನ್ನು, ಕಸ್ತೂರಬಾ ಅವರನ್ನು, ಮಹಾದೇವ ದೇಸಾಯಿ ಮತ್ತು ಸರೋಜಿನಿ ನಾಯ್ಡು ಅವರನ್ನು ಸರ್ಕಾರ ಬಂಧನದಲ್ಲಿಟ್ಟದ್ದು ಅಲ್ಲಿ. ಮಹಾದೇವ ದೇಸಾಯಿ ಆಗಸ್ಟ್ 15ರಂದೇ ತೀರಿಕೊಂಡರು. ಒಂದೂವರೆ ವರ್ಷದ ಮೇಲೆ, 1944ರ ಫೆಬ್ರವರಿ 22ರ ಸಂಜೆ, ಕಸ್ತೂರಬಾ ಹೋದರು. ಇಬ್ಬರ ಸಮಾಧಿಗಳೂ ಆ ಆವರಣದಲ್ಲೇ ಇವೆ. ನೋಡಲು ಬರುವವರು ಅಲ್ಲಿ ಒಂದು ಗಳಿಗೆ ನಿಂತು ಕೈಮುಗಿದು ಹೋಗುತ್ತಾರೆ. ಆ ಮನೆಯಲ್ಲಿ ಒಂದು ಆಂಟಿಬಯಾಟಿಕ್ ಔಷಧವನ್ನು ಕೊಡಬೇಕೇ ಬೇಡವೇ ಎಂದು ನಡೆದ ಮಾತುಕತೆ ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ.

ಬಾ ಎಂದೇ ಎಲ್ಲರೂ ಕರೆಯುತ್ತಿದ್ದ ಕಸ್ತೂರಬಾ ಅವರಿಗೆ ಹಳೆಯ ಉಸಿರಾಟದ ತೊಂದರೆ ಇತ್ತು, ಹೃದಯ ಸೋತಿತ್ತು. ಕೊನೆಯ ದಿನಗಳಲ್ಲಿ ಮಗ ದೇವದಾಸ ಗಾಂಧಿಯವರಿಗೆ ಪೆನಿಸಿಲಿನ್ ಕೊಟ್ಟು ನೋಡಬೇಕೆಂಬ ಆಸೆ. ಆಗಿನ್ನೂ ಯುದ್ಧ ನಡೆದಿತ್ತು. ಪೆನಿಸಿಲಿನ್ ಎಂಬುದು ಮುಖ್ಯವಾಗಿ ಸೈನಿಕರಿಗೆ ಮೀಸಲಾಗಿದ್ದ ಹೊಸ ಔಷಧ, ಊರ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದನ್ನು ಕಲಕತ್ತೆಯಿಂದ ವಿಮಾನದಲ್ಲಿ ತರಿಸಲಾಯಿತು. ಡಾ. ಸುಶೀಲಾ ನಯ್ಯರ್ ಮತ್ತು ಡಾ. ಗಿಲ್ಡರ್ ಅದೇ ಮನೆಯಲ್ಲಿ ಬಂದಿಗಳಾಗಿ ಇದ್ದುದರಿಂದ ವೈದ್ಯರು ಹಾಸಿಗೆಯ ಪಕ್ಕದಲ್ಲೇ ಇದ್ದರು. ಕೆಲವು ಗಂಟೆಗೊಮ್ಮೆ, ಹಗಲೂ ರಾತ್ರಿ, ಸೂಜಿ ಚುಚ್ಚಬೇಕಾಗುತ್ತದೆ ಎಂದು ತಿಳಿದಾಗ ಗಾಂಧೀಜಿ ಬೇಡವೆಂದರು. ಮಗನನ್ನು ಕೂರಿಸಿಕೊಂಡು ಮಾತಾಡಿದರು. ಮಗ ಒಪ್ಪಿದರು. ಬಾ ಗಂಡನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟರು.

ಗಾಂಧೀಜಿ ಮಾಡಿದ್ದು ಸರಿಯೇ ಎಂಬ ವಾದ ಎಂಬತ್ತು ವರ್ಷ ಕಳೆದರೂ ನಿಂತಿಲ್ಲ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಸಾಯುತ್ತಿರುವ ತಾಯಿಯ ಮುಂದೆ ನಿಂತ ಮಗನ ಆಸೆಯೂ ನನಗೆ ಅರ್ಥವಾಗುತ್ತದೆ, ಆ ದೇಹಕ್ಕೆ ಇನ್ನು ನೋವು ಕೊಡುವುದು ಬೇಡ ಎಂದ ಗಂಡನ ಮನಸ್ಸೂ ಅರ್ಥವಾಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಸಂಗತಿ. ಈ ಔಷಧ ಈ ರೋಗಿಗೆ, ಈ ಹೊತ್ತಿನಲ್ಲಿ ಏನು ಮಾಡಬಲ್ಲದು, ಅದಕ್ಕಾಗಿ ಆಕೆ ಏನು ಸಹಿಸಬೇಕು, ಕಾಲ ಮೀರಿದೆಯೇ ಎಂದು ಅಲ್ಲಿದ್ದವರು ಯೋಚಿಸಿದರು, ಬಾಯಿಬಿಟ್ಟು ಕೇಳಿದರು. ನಾನು ಪುಣೆಯ ಆಸ್ಪತ್ರೆಯೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಇವತ್ತು ಪೆನಿಸಿಲಿನ್‌ಗಿಂತ ಎಷ್ಟೋ ಪಾಲು ತೀಕ್ಷ್ಣವಾದ ಔಷಧಗಳು ಯಾರೂ ಯಾವ ಪ್ರಶ್ನೆಯನ್ನೂ ಕೇಳದೆ ಸಲೈನ್ ಬಾಟಲಿಯ ಜೊತೆ ಹನಿಹನಿಯಾಗಿ ರಕ್ತಕ್ಕೆ ಇಳಿಯುತ್ತಿರುವುದನ್ನು ಕಾಣುತ್ತಿದ್ದೇನೆ. ಆ ಪ್ರಶ್ನೆಗಳನ್ನು ಮರಳಿ ರೋಗಿಯ ಹಾಸಿಗೆಯ ಬಳಿ ತರುವುದು ಹೇಗೆ ಎಂಬುದೇ ನನ್ನ ಇಂದಿನ ಮಾತು.

ಇನ್ನೂ ಇಪ್ಪತ್ತು ವರ್ಷ ಹಿಂದೆ ಹೋಗೋಣ. 1922ರಿಂದ ಗಾಂಧೀಜಿ ಯೆರವಡಾ ಜೈಲಿನಲ್ಲಿದ್ದರು. 1924ರ ಜನವರಿಯಲ್ಲಿ ಹೊಟ್ಟೆನೋವು ಬಂತು, ಅಪೆಂಡಿಕ್ಸ್ ಊದಿತ್ತು. ನದಿಯಾಚೆಯ ಸಸೂನ್ ಆಸ್ಪತ್ರೆಗೆ ಒಯ್ದರು. ಜನವರಿ 12ರ ರಾತ್ರಿ ಕರ್ನಲ್ ಮ್ಯಾಡಕ್ ಎಂಬ ಶಸ್ತ್ರವೈದ್ಯರು ಕತ್ತಿ ಹಿಡಿದರು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ವಿದ್ಯುತ್ ಕೈಕೊಟ್ಟು, ಉಳಿದ ಕೆಲಸವನ್ನು ಲಾಟೀನಿನ ಬೆಳಕಿನಲ್ಲಿ ಮುಗಿಸಿದರು. ಫೆಬ್ರವರಿ 5ರಂದು ಸರ್ಕಾರ ಅವರನ್ನು ಬಿಡುಗಡೆ ಮಾಡಿತು. ಚೇತರಿಕೆಗೆ ಜುಹೂ ಕಡಲ ತೀರದಲ್ಲಿ ವಾರಗಟ್ಟಲೆ ಬೇಕಾಯಿತು.

ಆ ರಾತ್ರಿ ಸಸೂನ್ ಆಸ್ಪತ್ರೆಯಲ್ಲಿ ಒಂದೇ ಒಂದು ಆಂಟಿಬಯಾಟಿಕ್ ಇರಲಿಲ್ಲ. ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಫ್ಲೆಮಿಂಗ್ ತಮ್ಮ ತಟ್ಟೆಯಲ್ಲಿ ಬೂಷ್ಟು ಕಂಡದ್ದು ಅದಾಗಿ ನಾಲ್ಕು ವರ್ಷದ ಮೇಲೆ, 1928ರಲ್ಲಿ. ಮ್ಯಾಡಕ್ ಅವರ ಕೈಯಲ್ಲಿದ್ದದ್ದು ಕುದಿಸಿದ ಉಪಕರಣ, ತೊಳೆದ ಕೈ, ಶುಚಿಯಾದ ಬಟ್ಟೆ. ಗಾಯಕ್ಕೆ ಕೀವು ಹಿಡಿದು ರಕ್ತಕ್ಕೆ ಸೇರಿದರೆ ಮುಂದೇನೂ ಮಾಡಲಾಗದು ಎಂಬುದು ಅವರಿಗೂ ಅವರ ಸಿಸ್ಟರುಗಳಿಗೂ ಚೆನ್ನಾಗಿ ಗೊತ್ತಿತ್ತು, ಆದ್ದರಿಂದಲೇ ಶುಚಿಯಲ್ಲಿ ಸಡಿಲು ಬಿಡಲು ಅವರಿಗೆ ಧೈರ್ಯವಿರಲಿಲ್ಲ. ಔಷಧ ಬಂದ ಮೇಲೆ ನಮಗೆ ಆ ಭಯ ಹೋಯಿತು. ಭಯ ಹೋದದ್ದು ಒಳ್ಳೆಯದೇ. ಅದರ ಜೊತೆಗೆ ಕೈ ತೊಳೆಯುವ ಶಿಸ್ತೂ ಅರ್ಧ ಹೋಯಿತು, ಅದು ಕೆಟ್ಟದ್ದಾಯಿತು.

ಕಸ್ತೂರಬಾ ತೀರಿಕೊಂಡು ಹತ್ತು ವರ್ಷವಾಗುವ ಹೊತ್ತಿಗೆ ಪುಣೆಯ ಪಾಲಿಗೆ ಕಾಲ ಪೂರ್ತಿ ತಿರುಗಿತು. ಯೆರವಡಾದಿಂದ ವಾಯವ್ಯಕ್ಕಿರುವ ಪಿಂಪ್ರಿಯಲ್ಲಿ 1954ರಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವು ಕೊಟ್ಟವು. 1955ರಲ್ಲಿ ಅಲ್ಲಿ ಪೆನಿಸಿಲಿನ್ ತಯಾರಾಗತೊಡಗಿತು, ಮುಂದೆ ಸ್ಟ್ರೆಪ್ಟೋಮೈಸಿನ್ ಕೂಡ ಬಂತು. ವಿಮಾನದಲ್ಲಿ ತರಿಸಬೇಕಿದ್ದ ಔಷಧ ಅದೇ ಊರಿನ ತೊಟ್ಟಿಗಳಲ್ಲಿ ಬೆಳೆಯಿತು. ಆ ಕಾರ್ಖಾನೆಯ ಸಂಶೋಧನಾ ವಿಭಾಗವನ್ನು ಮುನ್ನಡೆಸಿದವರು ಕರ್ನಾಟಕದಲ್ಲಿ ಹುಟ್ಟಿದ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್. ಪಿಂಪ್ರಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಗೆ ಅವರ ತಂಡ ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನಾ ಎಂದು ಊರ ಹೆಸರನ್ನೇ ಇಟ್ಟಿತು. ಅದರಿಂದ ಬಂದದ್ದು ಹ್ಯಾಮೈಸಿನ್, ಶಿಲೀಂಧ್ರ ಸೋಂಕಿಗೆ ಕೊಡುವ ಔಷಧ. 1967ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ತಿರುಮಲಾಚಾರ್ ಅವರಿಗೆ ಸಂದಿತು. ಕನ್ನಡಿಗರು ಈ ಹೆಸರನ್ನು ಇನ್ನಷ್ಟು ನೆನೆಯಬೇಕು ಎಂಬುದು ನನ್ನ ಆಸೆ.

ಆ ಸಮೃದ್ಧಿ ಲಕ್ಷಾಂತರ ಜೀವ ಉಳಿಸಿತು. ಬಾಣಂತಿ ನಂಜು, ಮಕ್ಕಳ ನ್ಯುಮೋನಿಯಾ, ಹುಣ್ಣಿನಿಂದ ರಕ್ತಕ್ಕಿಳಿದ ವಿಷ, ಇವು ಮನೆಮನೆಯಲ್ಲೂ ಸಾವು ತರುತ್ತಿದ್ದ ಕಾಲ ಮುಗಿಯಿತು. ಎಚ್ಚರಿಕೆ ಮಾತ್ರ ಆಗಲೇ ಬಂದಿತ್ತು. ಪೆನಿಸಿಲಿನ್ ಇನ್ನೂ ಪೇಟೆಗೆ ಬಾರದಿದ್ದ 1940ರಲ್ಲೇ, ಅದನ್ನು ಮುರಿದು ಹಾಕುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿ ಇದೆಯೆಂದು ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೈನ್ ತೋರಿಸಿದ್ದರು. 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡಿದ ಫ್ಲೆಮಿಂಗ್ ಒಂದು ಕಲ್ಪಿತ ಸಂಸಾರದ ಕಥೆ ಹೇಳಿದರು. ಗಂಟಲು ನೋವಿಗೆ ಗಂಡ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಕ್ರಿಮಿ ಸಾಯುವುದಿಲ್ಲ, ಔಷಧಕ್ಕೆ ಬಗ್ಗದಂತೆ ಪಳಗುತ್ತದೆ. ಅದೇ ಕ್ರಿಮಿ ಹೆಂಡತಿಗೆ ತಗಲುತ್ತದೆ, ಆಕೆಗೆ ಔಷಧ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ತಪ್ಪು ಒಬ್ಬನದು, ಸತ್ತವಳು ಇನ್ನೊಬ್ಬಳು. ಔಷಧಕ್ಕೆ ಬಗ್ಗದ ಸೋಂಕಿನ ಕ್ರೌರ್ಯವೆಲ್ಲ ಇಷ್ಟರಲ್ಲೇ ಇದೆ.

ಆಸ್ಪತ್ರೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ತಣ್ಣಗೆ ಬಾಳುತ್ತಿರುತ್ತವೆ. ಯಾವುದೋ ಕಾಯಿಲೆಗೆಂದು ಬಲವಾದ ಆಂಟಿಬಯಾಟಿಕ್ ಕೊಟ್ಟಾಗ ಅವುಗಳಲ್ಲಿ ಬಗ್ಗುವವು ಸಾಯುತ್ತವೆ. ಬಗ್ಗದ ಕೆಲವು ಉಳಿದು, ಖಾಲಿಯಾದ ಜಾಗದಲ್ಲಿ ಹಬ್ಬುತ್ತವೆ. ಕ್ಲೆಬ್ಸಿಯೆಲ್ಲಾ, ಇ. ಕೋಲಿ ಮುಂತಾದವು ಔಷಧ ತಡೆಯುವ ಜೀನುಗಳನ್ನು ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರದಲ್ಲಿ ಇಟ್ಟುಕೊಂಡಿರುತ್ತವೆ. ಆ ಉಂಗುರ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೆ ದಾಟಬಲ್ಲದು. ರೋಗಿಯ ಮೂತ್ರದ ಚೀಲವನ್ನು ಖಾಲಿ ಮಾಡಿದ ಕೈ ಪಕ್ಕದ ಹಾಸಿಗೆಯ ಸಲೈನ್ ಕೊಳವೆಯನ್ನು ಮುಟ್ಟುತ್ತದೆ. ಎರಡನೆಯ ರೋಗಿ ಒಂದು ಗುಳಿಗೆಯನ್ನೂ ನುಂಗದೆ, ಯಾವ ತಪ್ಪನ್ನೂ ಮಾಡದೆ, ಔಷಧಕ್ಕೆ ಬಗ್ಗದ ಸೋಂಕನ್ನು ಪಡೆಯುತ್ತಾನೆ.

ಇಂಥ ಸೋಂಕಿಗೆ ನಾವು ಕಾಯ್ದಿಟ್ಟಿದ್ದದ್ದು ಮೆರೊಪೆನೆಮ್‌ನಂಥ ಕಾರ್ಬಪೆನೆಮ್ ಔಷಧಗಳನ್ನು. ಅವನ್ನೂ ಒಡೆಯುವ ಎನ್‌ಡಿಎಂ ಎಂಬ ಕಿಣ್ವವನ್ನು 2008ರಲ್ಲಿ ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಲ್ಲಿ ಗುರುತಿಸಿದರು. ಅದಕ್ಕೆ ನವದೆಹಲಿಯ ಹೆಸರು ಅಂಟಿದ್ದು ನಮ್ಮಲ್ಲಿ ಅನೇಕರಿಗೆ ಅವಮಾನ ಎನಿಸಿತು. ನನಗೆ ಹೆಸರಿಗಿಂತ ಹೆಚ್ಚು ನೋವು ತರುವುದು, ಆ ಕಿಣ್ವವುಳ್ಳ ಕ್ರಿಮಿ ನಮ್ಮ ಐಸಿಯುಗಳಲ್ಲಿ ಅಪರೂಪವಾಗಿ ಉಳಿದಿಲ್ಲ ಎಂಬುದು. ಕಾರ್ಬಪೆನೆಮ್ ಸೋತಾಗ ಕೈ ಹೋಗುವುದು ಕೊಲಿಸ್ಟಿನ್ ಕಡೆಗೆ. ಅದು ಮೂತ್ರಪಿಂಡಕ್ಕೆ ಕೇಡೆಂದು ವೈದ್ಯರು ದಶಕಗಳ ಹಿಂದೆ ಪಕ್ಕಕ್ಕಿಟ್ಟಿದ್ದ ಹಳೆಯ ಔಷಧ. ಬೇರೆ ದಾರಿ ಕಾಣದೆ ಅದನ್ನೇ ಮತ್ತೆ ಎತ್ತಿಕೊಂಡಿದ್ದೇವೆ. ಅದನ್ನು ಕೋಳಿಗಳ ಮೇವಿಗೂ ಬೆರೆಸುತ್ತಿದ್ದರು. ಸರ್ಕಾರ 2019ರಲ್ಲಿ ಆ ಬಳಕೆಯನ್ನು ನಿಷೇಧಿಸಿತು. ಆ ನಿಷೇಧಕ್ಕೆ ನಾನು ಮನಸಾರೆ ಕೃತಜ್ಞಳು. ಜಗತ್ತಿನಲ್ಲಿ 2019ರ ಒಂದೇ ವರ್ಷ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ ಸುಮಾರು 12.7 ಲಕ್ಷ ಮಂದಿ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯ ಅಂದಾಜು ಹೇಳುತ್ತದೆ.

ಪ್ರಯೋಗಾಲಯದಲ್ಲಿ ಕೂತವರಿಗೆ ಈ ಸೋಲು ಕಣ್ಣಿಗೆ ಕಾಣುತ್ತದೆ. ರೋಗಿಯ ರಕ್ತ ಬಾಟಲಿಯಲ್ಲಿ ಬರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬಿಡುತ್ತೇವೆ, ತಟ್ಟೆಗೆ ಹರಡುತ್ತೇವೆ, ಮೇಲೆ ಔಷಧದಲ್ಲಿ ಅದ್ದಿದ ಪುಟ್ಟ ಬಿಲ್ಲೆಗಳನ್ನಿಡುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಬಯಲು ವೃತ್ತ ಮೂಡುತ್ತದೆ. ಒಂದೊಂದು ಬೆಳಿಗ್ಗೆ ತಟ್ಟೆ ತೆರೆದರೆ ಎಲ್ಲ ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಹಬ್ಬಿರುತ್ತದೆ. ಆ ರಿಪೋರ್ಟನ್ನು ವಾರ್ಡಿಗೆ ಫೋನಿನಲ್ಲಿ ಓದಿ ಹೇಳುವುದು ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಭಾರವಾದ ಭಾಗ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯಂತ್ರಗಳು ಬೇಕೆಂದು ತಿಳಿಯಬೇಡಿ. ಮೊದಲ ಡೋಸ್ ಕೊಡುವ ಮುಂಚೆ ಕಲ್ಚರ್‌ಗೆ, ಅಂದರೆ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತವನ್ನೋ ಮೂತ್ರವನ್ನೋ ತೆಗೆಯಬೇಕು. ಔಷಧ ಹೋದ ಮೇಲೆ ತೆಗೆದರೆ ಕ್ರಿಮಿ ನಮಗೆ ಸಿಗದೇ ಹೋಗಬಹುದು. ರೋಗಿಗೆ ರಕ್ತದೊತ್ತಡ ಕುಸಿಯುತ್ತಿದ್ದರೆ ರಿಪೋರ್ಟಿಗೆ ಕಾಯುತ್ತ ಕೂರಬಾರದು. ಸಂಶಯದ ಮೇಲೆಯೇ ಬಲವಾದ ಔಷಧ ತಕ್ಷಣ ಶುರುವಾಗಬೇಕು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಿತಮಿತ ಬಳಕೆ ಎಂದರೆ ಔಷಧ ಕೊಡದಿರುವುದು ಎಂದು ಕೆಲವರು ತಪ್ಪು ತಿಳಿಯುತ್ತಾರೆ. ನಿಜವಾದ ಪರೀಕ್ಷೆ ಮೂರನೆಯ ದಿನ ಬರುತ್ತದೆ. ಆಗ ರಿಪೋರ್ಟ್ ಕೈಗೆ ಬಂದಿರುತ್ತದೆ. ಸಣ್ಣ ಔಷಧ ಸಾಕು ಎಂದಿದ್ದರೆ ದೊಡ್ಡದನ್ನು ನಿಲ್ಲಿಸಿ ಅದಕ್ಕೆ ಇಳಿಯಬೇಕು, ಬ್ಯಾಕ್ಟೀರಿಯಾ ಸೋಂಕೇ ಅಲ್ಲವೆಂದು ತೇಲಿದರೆ ಪೂರ್ತಿ ನಿಲ್ಲಿಸಬೇಕು. ಶುರು ಮಾಡಲು ಎಲ್ಲರಿಗೂ ಧೈರ್ಯವಿದೆ. ರೋಗಿ ಚೇತರಿಸಿಕೊಳ್ಳುತ್ತಿದ್ದಾನೆ, ಯಾಕೆ ಕೈ ಹಾಕುವುದು ಎಂದು ನಿಲ್ಲಿಸಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯಲ್ಲಿ ಕಳೆಯುವ ಒಂದೊಂದು ದಿನವೂ ಮುಂದಿನ ರೋಗಿಯ ಔಷಧವನ್ನು ಸವೆಸುತ್ತದೆ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಶುಚಿಯಾದ ಸಾಧಾರಣ ಆಪರೇಷನ್‌ಗೆ ಕತ್ತಿಯಿಡುವ ಮುನ್ನ ಒಂದು ಗಂಟೆಯೊಳಗೆ ಕೊಡುವ ಒಂದು ಡೋಸ್ ಬಹುಪಾಲು ಸಾಕು. ಆಪರೇಷನ್ ಬಹಳ ಹೊತ್ತು ಹಿಡಿದರೆ ನಡುವೆ ಇನ್ನೊಂದು. ನಮ್ಮಲ್ಲಿ ಮಾತ್ರ ಹೊಲಿಗೆ ಬಿಚ್ಚುವ ತನಕ ಐದು ದಿನ, ಏಳು ದಿನ ಇಂಜೆಕ್ಷನ್ ನಡೆಯುತ್ತದೆ. ಥಿಯೇಟರಿನ ಶುಚಿಯ ಮೇಲೆ ನಂಬಿಕೆ ಸಾಲದ್ದಕ್ಕೆ ಕೊಡುವ ಔಷಧ ಅದು. ನಂಬಿಕೆ ಸಾಲದಿದ್ದರೆ ಥಿಯೇಟರನ್ನು ಸರಿಪಡಿಸಬೇಕು. ಮೆರೊಪೆನೆಮ್ ಕೊಡುವಾಗ ಅದರ ಜೊತೆ ಮೆಟ್ರೊನಿಡಜೋಲ್ ಬರೆಯುವುದೂ ಹೀಗೆಯೇ. ಗಾಳಿಯಿಲ್ಲದೆ ಬೆಳೆಯುವ ಕ್ರಿಮಿಗಳನ್ನು ಮೊದಲನೆಯದೇ ನೋಡಿಕೊಳ್ಳುತ್ತದೆ, ಬಹುತೇಕ ಸಂದರ್ಭಗಳಲ್ಲಿ ಎರಡನೆಯದು ಬೇಕಿಲ್ಲ.

ವಾರ್ಡಿನಲ್ಲಿ ಈ ಕೆಲಸದ ನಿಜವಾದ ಯಜಮಾನಿ ಸಿಸ್ಟರ್. ಮೂತ್ರದ ಕ್ಯಾಥೆಟರ್ ಇನ್ನೂ ಬೇಕೇ, ಕುತ್ತಿಗೆಯ ದೊಡ್ಡ ನಾಳದಲ್ಲಿಟ್ಟ ಕೊಳವೆ ಇವತ್ತೂ ಬೇಕೇ ಎಂದು ದಿನವೂ ಕೇಳುವ ಅಧಿಕಾರ ಆಕೆಗಿರಬೇಕು. ಒಳಗಿಟ್ಟ ಕೊಳವೆಯೊಂದೊಂದೂ ಕ್ರಿಮಿಗೆ ಹಾದಿ, ಬೇಡವಾದ ದಿನವೇ ತೆಗೆದರೆ ಆ ಹಾದಿ ಮುಚ್ಚುತ್ತದೆ. ಕೈಗವಸಿನ ಬಗ್ಗೆಯೂ ಒಂದು ಮಾತು. ಒಂದೇ ಜೊತೆ ಕೈಗವಸು ತೊಟ್ಟು ನಾಲ್ಕು ಹಾಸಿಗೆ ಸುತ್ತಿದರೆ ತೊಟ್ಟವರಿಗೆ ರಕ್ಷಣೆ, ರೋಗಿಗಳಿಗೆ ಅಪಾಯ. ಹಿರಿಯ ವೈದ್ಯರು ಕೈಗೆ ದ್ರಾವಣ ಹಚ್ಚದೆ ಹಾಸಿಗೆಗೆ ಬಂದರೆ ಕಿರಿಯ ಸಿಸ್ಟರ್ ತಡೆದು "ಸರ್, ಕೈ" ಎನ್ನಬೇಕು, ಅವರು ಬೇಸರಪಡದೆ ಕೈಚಾಚಬೇಕು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ವೈದ್ಯರಿಂದ ಕೈ ತೊಳೆಸಿದಾಗ ಬಾಣಂತಿಯರ ಸಾವು ಬಿದ್ದುಹೋಯಿತು, ಆದರೂ ದೊಡ್ಡ ವೈದ್ಯರು ಅವರನ್ನು ಒಪ್ಪಲಿಲ್ಲ. ಕೈ ತೊಳೆಯಿರಿ ಎಂದರೆ ಘನತೆಗೆ ಕುಂದೆಂದು ತಿಳಿಯುವ ಆ ಸ್ವಭಾವ ಇಂದಿಗೂ ಪೂರ್ತಿ ಹೋಗಿಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಅರ್ಧ ಶುಶ್ರೂಷೆ ನಡೆಯುವುದು ಮನೆಯವರ ಕೈಯಲ್ಲಿ. ತಾಯಿಗೆ ಮಗಳು ಮೈ ಒರೆಸುತ್ತಾಳೆ, ಅತ್ತೆಯ ಬೆಡ್‌ಪ್ಯಾನ್ ಸೊಸೆ ಒಯ್ಯುತ್ತಾಳೆ, ಪಕ್ಕದ ಹಾಸಿಗೆಯವರಿಗೂ ನೀರು ಕೊಡುತ್ತಾಳೆ. ಈ ಮಮತೆ ಇಲ್ಲದಿದ್ದರೆ ನಮ್ಮ ಸರ್ಕಾರಿ ವಾರ್ಡುಗಳು ಒಂದು ದಿನವೂ ನಡೆಯಲಾರವು. ಅವರಿಗೆ ಕೈ ಶುಚಿಮಾಡುವ ಕ್ರಮ ಹೇಳಿಕೊಡುವವರು ಮಾತ್ರ ಕಡಿಮೆ. ಪುಣೆಯಲ್ಲಿ ಹೇಳಿಕೊಡುವುದಾದರೆ ಮರಾಠಿ, ಹಿಂದಿಯ ಜೊತೆ ಕನ್ನಡದಲ್ಲೂ ಹೇಳಬೇಕು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಸಂಸಾರಗಳು ಈ ಊರಿನ ತುಂಬ ಇವೆ. ಅವರಲ್ಲೊಬ್ಬ ಹೆಂಗಸು ನನ್ನನ್ನು ಕೇಳಿದ ಮಾತು ಹೀಗಿತ್ತು: "ಬಾಯಾರ, ಹ್ವಾದ ಸಲ ಜ್ವರಕ್ಕ ಕೊಟ್ಟ ಗುಳಿಗಿ ಇನ್ನೂ ಎರಡ ಅದಾವ್ರಿ. ಹುಡುಗಗ ಅವನ್ನ ಕೊಟ್ರ ನಡೀತದೇನ್ರಿ?" ಬೇಡ, ಆ ಗುಳಿಗೆ ಆ ಜ್ವರಕ್ಕೆ, ಈ ಹುಡುಗನಿಗಲ್ಲ ಎಂದೆ. ಆಕೆ ಹೇಳಿದಳು: "ದವಾಖಾನಿಗಿ ಹ್ವಾದ್ರ ಒಂದ ದಿನದ ಪಗಾರ ಹೋಗ್ತದರಿ." ಆಕೆಯ ಮಾತು ನಿಜ. ಹತ್ತಿರದಲ್ಲಿ ಸಂಜೆ ತೆರೆದಿರುವ ಸರ್ಕಾರಿ ದವಾಖಾನೆ, ಅಲ್ಲೊಬ್ಬ ವೈದ್ಯರು, ಕುಡಿಯಲು ಶುದ್ಧ ನೀರು, ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಲಸಿಕೆ, ಇವು ಕೂಡ ಆಂಟಿಬಯಾಟಿಕ್ ಉಳಿಸುವ ಕೆಲಸಗಳೇ. ಬಡವರ ಅಜ್ಞಾನವನ್ನು ಮಾತ್ರ ದೂರುವ ಭಾಷಣಗಳು ನನಗೆ ಹಿಡಿಸುವುದಿಲ್ಲ.

ಕಾನೂನು ಇದೆ. 2014ರಿಂದ ಎಚ್1 ಅನುಸೂಚಿಯಲ್ಲಿರುವ ಹಲವು ಪ್ರಬಲ ಆಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಬರೆದ ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಅಂಗಡಿಯವರು ಬೇರೆ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಡಬೇಕು. 2016ರಲ್ಲಿ ಕೆಂಪು ಗೆರೆಯ ಪ್ರಚಾರ ನಡೆಯಿತು. ಗುಳಿಗೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಬೇಕಾದ ಔಷಧ. 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. ಕೇರಳ 2018ರಲ್ಲಿ ತನ್ನದೇ ರಾಜ್ಯ ಯೋಜನೆ ರೂಪಿಸಿ ಅಂಗಡಿಗಳ ಮೇಲೆ ಕಣ್ಣಿಟ್ಟಿದೆ. ಬೇರೆ ರಾಜ್ಯಗಳೂ ಅಷ್ಟೇ ಬಿಗಿಯಾಗಿ ನಡೆಯಬೇಕು. ಕಾಗದದ ಮೇಲಿನ ಕಾನೂನಿಗೆ ಕ್ರಿಮಿ ಹೆದರುವುದಿಲ್ಲ.

ವೈದ್ಯ ಮಿತ್ರರು ಯಾರಾದರೂ ಕೇಳುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ಆಂಟಿಬಯಾಟಿಕ್ ಬರೆಯುವಾಗ ಪಕ್ಕದಲ್ಲಿ ಯಾವ ಸೋಂಕಿಗೆ, ಯಾವ ದಿನಾಂಕದವರೆಗೆ ಎಂದು ಒಂದು ಸಾಲು ಬರೆಯಿರಿ. ಆ ಸಾಲು ಬರೆಯಲು ಬಾರದಿದ್ದರೆ ಔಷಧವನ್ನೂ ಬರೆಯಬೇಡಿ.

ಕೇಳುಗರೇ, ನೆಗಡಿಗೆ, ಸಾದಾ ವೈರಲ್ ಜ್ವರಕ್ಕೆ ಆಂಟಿಬಯಾಟಿಕ್ ಕೇಳಬೇಡಿ. ವೈದ್ಯರು ಬೇಡವೆಂದರೆ ಅವರನ್ನು ಬದಲಿಸಬೇಡಿ. ಅವರು ಐದು ದಿನ ಎಂದರೆ ಐದು ದಿನ, ನೀವಾಗಿ ನಿಲ್ಲಿಸುವುದೂ ಬೇಡ, ಮುಂದುವರಿಸುವುದೂ ಬೇಡ. ಕ್ಷಯಕ್ಕಾದರೆ ಹೇಳಿದಷ್ಟು ತಿಂಗಳೂ ಒಂದು ದಿನ ತಪ್ಪದೆ ನುಂಗಬೇಕು. ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ವಿನಯದಿಂದ ಕೇಳಿ: ಈ ಔಷಧ ಯಾವುದಕ್ಕೆ, ಕಲ್ಚರ್ ಕಳಿಸಿದ್ದೀರಾ, ಎಂದು ನಿಲ್ಲಿಸುತ್ತೀರಿ? ಹಾಸಿಗೆಯ ಬಳಿ ಹೋಗುವಾಗಲೂ ಬರುವಾಗಲೂ ಕೈ ಶುಚಿ ಮಾಡಿಕೊಳ್ಳಿ, ವೈದ್ಯರು ಮರೆತರೆ ಅವರಿಗೂ ನೆನಪಿಸಿ. ಹಾಗೆ ಕೇಳುವುದು ನಿಮ್ಮ ಹಕ್ಕು.